ಕಾಳು ಹಾಕಿದ ಕೈ

ಜರ್ಮನಿಯ ಹ್ಯಾನೋವರ್‌ನಿಂದ ರೈಲಿನಲ್ಲಿ ಹೋಗಿ, ಇಳಿದು, ಬಸ್ಸು ಹಿಡಿದರೆ ಸಿಗುವ ಆ ಕೆರೆದಂಡೆಯ ಹಳ್ಳಿಯಲ್ಲಿ ಸೌಭಾಗ್ಯಳನ್ನು ಅರಿಯದವರಿಲ್ಲ. ಒಳ್ಳೆಯ ಹೆಸರು ಮಾಡಿದ್ದಾಳೆ ಅಂದುಕೊಳ್ಳಬೇಡಿ. ಬೇಟೆಗಾರರಿಗೂ ಗೇಟು ಮುಚ್ಚಿದಳು, ಪಕ್ಷಿ ನೋಡಲು ಬರುವವರಿಗೂ ಗೇಟು ಮುಚ್ಚಿದಳು ಎಂಬುದೇ ಅವಳ ಖ್ಯಾತಿ. ಬೇಕರಿಯಲ್ಲಿ ಅವಳನ್ನು ಕಂಡರೆ ಜನ ನಗುನಗುತ್ತ ‘ಮೋಯಿನ್’ ಎಂದು ನಮಸ್ಕಾರ ಹೇಳುತ್ತಾರೆ. ಅವಳು ಹೊರಗೆ ಕಾಲಿಟ್ಟ ಮೇಲೆ ಮಾತು ಶುರು. ಸೌಭಾಗ್ಯಳಿಗೆ ಅದು ಗೊತ್ತು. ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದಾರೆ ಎಂದು ತಿಳಿಯುವುದಕ್ಕೆ ಭಾಷೆ ಬರಬೇಕೆಂದೇನಿಲ್ಲ.

ಅವಳು ರಾಣೆಬೆನ್ನೂರಿನ ಕಡೆಯವಳು. ಗಂಡ ಚನ್ನಮಲ್ಲಪ್ಪ ಕಾರಿನ ಗೇರ್‌ಬಾಕ್ಸ್ ಮಾಡುವ ಕಂಪನಿಯಲ್ಲಿ ಇಂಜಿನಿಯರು. ಮೊದಲು ಹ್ಯಾನೋವರ್‌ನಲ್ಲೇ ಮೂರನೆಯ ಮಹಡಿಯ ಬಾಡಿಗೆ ಮನೆಯಲ್ಲಿದ್ದರು. ಇವಳು ಭಾನುವಾರ ಜೋಳದ ರೊಟ್ಟಿ ಬಡಿಯುವುದು, ಕೆಳಗಿನ ಮನೆಯ ಮುದುಕಿ ಕೋಲಿನಿಂದ ತನ್ನ ಸೂರು ಕುಟ್ಟುವುದು, ಹೀಗೆ ವರ್ಷಗಟ್ಟಲೆ ನಡೆಯಿತು. ಕಿಟಕಿಯ ಕಟ್ಟೆಯ ಮೇಲೆ ಹಕ್ಕಿಗೆ ನಾಲ್ಕು ಕಾಳಿಟ್ಟರೆ ಪಾರಿವಾಳ ಗಲೀಜು ಮಾಡುತ್ತವೆ ಎಂದು ಇನ್ನೊಂದು ತಕರಾರು.

“ರೊಟ್ಟಿ ಬಡಿಯೂಹಂಗಿಲ್ಲ, ಕಾಳು ಹಾಕೂಹಂಗಿಲ್ಲ. ಉಸುರರ ಬಿಡಬಹುದೇನ್ರೀ ಈ ಮನ್ಯಾಗ?” ಎಂದು ಅವಳು ಗಂಡನ ತಲೆ ತಿಂದೂ ತಿಂದೂ ಕೊನೆಗೆ ಈ ಹಳ್ಳಿಯಲ್ಲಿ ಮನೆ ಕೊಳ್ಳುವಂತೆ ಮಾಡಿದಳು. ಮನೆಯ ಹಿಂದೆ ಉದ್ದಕ್ಕೂ ಒಂದು ಪಟ್ಟಿ ಹುಲ್ಲುಗಾವಲು. ಅದು ಮುಗಿದಲ್ಲಿ ಜೊಂಡು, ಜೊಂಡಿನಾಚೆ ಕೆರೆ. ಯಾರ ತಲೆಯ ಮೇಲೂ ರೊಟ್ಟಿ ಬಡಿಯುವ ಪ್ರಸಂಗವಿಲ್ಲ. ಅಬ್ಬಾ, ಅಂತೂ ಪಾರಾದೆ ಅಂದುಕೊಂಡಳು ಪಾಪ.

ಲಿಂಗಪೂಜೆ ಮುಗಿಸಿ, ಹಕ್ಕಿಗೆ ಕಾಳು ಹಾಕಿ, ಆಮೇಲೆ ತನ್ನ ಬಾಯಿಗೆ ಏನಾದರೂ ಹಾಕುವುದು ಸೌಭಾಗ್ಯಳ ರೂಢಿ. ತವರಿನಲ್ಲಿ ಅವಳ ಅವ್ವ ಹಾಗೆ ಮಾಡುತ್ತಿದ್ದಳು, ಅವಳ ಅಜ್ಜಿಯೂ. ಹಕ್ಕಿ ಉಣ್ಣದೆ ಇವಳಿಗೆ ಚಹಾ ಕೂಡ ಇಳಿಯದು. ಮೊದಲ ಬೇಸಿಗೆಯಲ್ಲಿ ಕೆರೆಯ ದಂಡೆಗೆ ಹೋಗಿ ಒಂದು ಬೊಗಸೆ ಜೋಳ ನೀರಿಗೆ ಚೆಲ್ಲಿದಳು. ಒಂದು ಕಾಡುಬಾತು ಬಂತು, ಹಿಂದೆಯೇ ಅದರ ಸಂಸಾರ ಬಂತು, ಅದರ ಹಿಂದೆ ಕೆರೆಯ ಬಾತುಗಳೆಲ್ಲ ಬಂದವು. “ಬರ್ರೆವ್ವಾ, ಬರ್ರಿ” ಎಂದು ಕೂಗಿದರೆ ಸಾಕು, ಜೊಂಡಿನ ಸಂದಿಸಂದಿಯಿಂದ ಕ್ವಾಕ್ ಕ್ವಾಕ್ ಎನ್ನುತ್ತ ಈಜಿ ಬರುತ್ತಿದ್ದವು. ಹಸಿರು ತಲೆಯ ಗಂಡುಗಳು, ಮಣ್ಣುಬಣ್ಣದ ಹೆಣ್ಣುಗಳು. ಇಂಡಿಯನ್ ಅಂಗಡಿಯಿಂದ ಜೋಳದ ಚೀಲ ಹೊತ್ತುಹೊತ್ತು ಚನ್ನಮಲ್ಲಪ್ಪನ ಸೊಂಟ ಹಿಡಿಯಿತು. ಆದರೂ ಅವನು ತುಟಿ ಎರಡು ಮಾಡಲಿಲ್ಲ. ಹೆಂಡತಿ ಆ ದೇಶಕ್ಕೆ ಬಂದ ಮೇಲೆ ಮೊದಲ ಸಲ ಬೆಳಿಗ್ಗೆ ಬೈಯದೆ ಏಳುತ್ತಿದ್ದಳು.

ಸೆಪ್ಟೆಂಬರ್ ಬಂತು. ಒಂದು ಬೆಳಗಿನ ಜಾವ ಅವಳಿನ್ನೂ ವಿಭೂತಿ ಹಚ್ಚಿಕೊಳ್ಳುತ್ತಿದ್ದಾಗ ಕೆರೆಯ ಕಡೆಯಿಂದ ಢಮ್ ಎಂದಿತು. ಮತ್ತೆ ಢಮ್ ಢಮ್. ಓಡಿ ಹೋಗಿ ನೋಡಿದರೆ, ಅವಳದೇ ಹುಲ್ಲುಗಾವಲಿನ ತುದಿಯಲ್ಲಿ, ಅವಳದೇ ಜೊಂಡಿನಲ್ಲಿ, ಹಸಿರು ಕೋಟಿನವರು ಬಂದೂಕು ಹಿಡಿದು ನಿಂತಿದ್ದಾರೆ. ನಾಯಿಯೊಂದು ನೀರಿನಿಂದ ಬಾತನ್ನು ಬಾಯಲ್ಲಿ ಕಚ್ಚಿಕೊಂಡು ಬರುತ್ತಿದೆ. ಬಾತಿನ ಕತ್ತು ಜೋತಾಡುತ್ತಿದೆ.

“ಯಾರ್ ಬಿಟ್ರು ನಿಮ್ಮನ್ನ ಒಳಗ? ಇದು ನನ್ ಜಾಗಾ!” ಎಂದು ಅವಳು ಕನ್ನಡದಲ್ಲೇ ಚೀರಿದಳು. ಆ ಹೊತ್ತಿಗೆ ಜರ್ಮನ್ ಎಲ್ಲಿಂದ ಬರಬೇಕು?

ಅವರ ಮುಂದಾಳು ಬ್ರಾಂಡೆಸ್ ಎಂಬ ಮರದ ವ್ಯಾಪಾರಿ. ಎತ್ತರದ, ಕೆಂಪು ಮುಖದ, ಬಹಳ ಮರ್ಯಾದಸ್ಥ ಮನುಷ್ಯ. ಟೋಪಿ ತೆಗೆದು, ಬಂದೂಕು ಮಡಚಿ, ನಿಧಾನವಾಗಿ ವಿವರಿಸಿದ. ಈ ದೇಶದಲ್ಲಿ ಸಣ್ಣ ಜಮೀನಿನ ಒಡೆಯರೆಲ್ಲ ಸೇರಿ ಒಂದು ಬೇಟೆ ಸಂಘ. ಸಂಘ ಸೇರುತ್ತೀರಾ ಎಂದು ಯಾರೂ ಕೇಳುವುದಿಲ್ಲ; ಜಮೀನು ಕೊಂಡರೆ ಮುಗಿಯಿತು, ನೀವು ಸದಸ್ಯರು. ಬೇಟೆಯ ಹಕ್ಕನ್ನು ಸಂಘ ಗುತ್ತಿಗೆಗೆ ಕೊಡುತ್ತದೆ. ಇಲ್ಲಿಯ ಗುತ್ತಿಗೆದಾರ ತಾನು. “ಹಾಗಾಗಿ ಶ್ರೀಮತಿಯವರೇ, ನೀವೂ ನಾವೂ ಒಂದೇ ಸಂಘದವರು” ಎಂದು ಅವನು ಕೈ ಚಾಚಿದ. ನೀರಿನ ಬಳಿ ಸೀಸದ ಛರ್ರೆಗುಂಡು ಹಾರಿಸುವುದು ಬಂದ್ ಆಗಿದೆ, ತಾವು ಉಕ್ಕಿನದನ್ನೇ ಬಳಸುತ್ತೇವೆ, ಪರಿಸರಕ್ಕೆ ಏನೂ ತೊಂದರೆಯಿಲ್ಲ ಎಂದೂ ಸೇರಿಸಿದ. ಸೌಭಾಗ್ಯ ಆ ಕೈ ಮುಟ್ಟಲಿಲ್ಲ.

ಮನೆಗೆ ಬಂದವಳು ಹಣೆ ಹಣೆ ಬಡಿದುಕೊಂಡಳು. “ಲಿಂಗ ಕಟ್ಟಿದವ್ರು ನಾವು. ತತ್ತಿ ಸಹ ಮನಿ ಒಳಗ ಬಂದಿಲ್ಲ. ನಮ್ಮನ್ನ ಬ್ಯಾಟಿ ಸಂಘದಾಗ ಹಾಕ್ಯಾರಲ್ರೀ! ಕೇಳಿಲ್ಲ, ಹೇಳಿಲ್ಲ!”

“ಕಾನೂನು ಹಂಗ ಐತಿ, ಸೌಭಾಗ್ಯಾ” ಅಂದ ಚನ್ನಮಲ್ಲಪ್ಪ.

“ಸುಡ್ರಿ ಆ ಕಾನೂನು!”

ಮನಸ್ಸಾಕ್ಷಿ ಒಪ್ಪುವುದಿಲ್ಲ ಎಂದು ಅರ್ಜಿ ಕೊಟ್ಟರೆ ಜಮೀನನ್ನು ಬೇಟೆಯಿಂದ ಬಿಡಿಸಬಹುದಂತೆ. ಕಚೇರಿಗೆ ಹೋಗಿ ಕೇಳಿದರು. ಬಿಡಿಸಬಹುದು, ಆದರೆ ಸಾಮಾನ್ಯವಾಗಿ ಈಗಿನ ಗುತ್ತಿಗೆ ಮುಗಿದ ಮೇಲೆ, ಅದು ಮುಗಿಯಲು ಇನ್ನೂ ವರ್ಷಗಳಿವೆ ಎಂದು ಅಲ್ಲಿಯ ಹೆಣ್ಣುಮಗಳು ನಕ್ಕು ಹೇಳಿದಳು. ಮನಸ್ಸಾಕ್ಷಿಗೂ ಪಾಳಿ ಹಚ್ಚುತ್ತಾರೆ ಇಲ್ಲಿ. ಸೌಭಾಗ್ಯ ಅಲ್ಲಿಂದ ನೇರ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಇದ್ದುದರಲ್ಲೇ ದೊಡ್ಡ ಬೀಗ ತಂದು ಗೇಟಿಗೆ ಜಡಿದಳು.

ಆ ಬೀಗವನ್ನು ಕಂಡು ಪಕ್ಷಿಪ್ರೇಮಿಗಳ ಗುಂಪೊಂದು ಹೂಗುಚ್ಛ ಹಿಡಿದು ಬಂತು. ಶಭಾಷ್, ಬೇಟೆಗಾರರನ್ನು ಬಿಡಲೇಬೇಡಿ ಎಂದರು. ಚಹಾ ಮಾಡಿಕೊಟ್ಟಳು. ಲೋಟ ಕೆಳಗಿಡುವಷ್ಟರಲ್ಲಿ ಅವರು, ನಿಮ್ಮ ದಂಡೆಯ ಮೇಲೆ ನಾವೊಂದು ಮರದ ಗುಡಿಸಲು ಕಟ್ಟುತ್ತೇವೆ, ಅದರೊಳಗೆ ಕೂತು ದುರ್ಬೀನು ಹಾಕಿ ನೋಡುತ್ತೇವೆ, ಒಂದು ಕೀಲಿ ನಮ್ಮ ಹತ್ತಿರವಿರಲಿ, ಆಮೇಲೆ ನೀವು ಬೆಳಿಗ್ಗೆ ಅಲ್ಲಿಗೆ ಹೋಗದಿದ್ದರೆ ಒಳ್ಳೆಯದು, ಪಕ್ಷಿಗಳಿಗೆ ಕಿರಿಕಿರಿ ಎಂದರು. ನನ್ನ ಜಾಗಕ್ಕೆ ನಾನೇ ಹೋಗಬಾರದಂತೆ! ಹೂಗುಚ್ಛವನ್ನು ವಾಪಸು ಅವರ ಕೈಗೇ ಕೊಟ್ಟು ಕಳಿಸಿದಳು.

ಬ್ರಾಂಡೆಸ್ ಜಗಳವಾಡಲಿಲ್ಲ. ಜೊಂಡಿಗೆ ಬೇರೆ ದಾರಿಯಿಲ್ಲದಿದ್ದರೆ ಗುತ್ತಿಗೆದಾರನಿಗೆ ಹಾದುಹೋಗುವ ಹಕ್ಕಿದೆ ಎಂದು ಅಧಿಕಾರಿಯನ್ನೇ ಕರೆತಂದು ಹೇಳಿಸಿದ. ಅಷ್ಟೇ ಮರ್ಯಾದೆಯಿಂದ ಬೀಗ ತೆಗೆಸಿದ. ಅವನ ಈ ಮರ್ಯಾದೆಯೇ ಸೌಭಾಗ್ಯಳ ಮೈಯೆಲ್ಲ ಉರಿಸಿತು. ಅವನು ಬಾಯಿ ಮಾಡಿದ್ದರೆ ತಾನೂ ಬಾಯಿ ಮಾಡಬಹುದಿತ್ತು. ಹೀಗೆ ಟೋಪಿ ತೆಗೆಯುವವನ ಜೊತೆ ಹೇಗೆ ಜಗಳವಾಡುವುದು?

ಇಷ್ಟರ ನಡುವೆ ಗಂಡನದೊಂದು ಬೇರೆ ಕಥೆ. ಚನ್ನಮಲ್ಲಪ್ಪ ಕಾಲೇಜಿನಲ್ಲಿದ್ದಾಗ ಎನ್‌ಸಿಸಿಯಲ್ಲಿ ರೈಫಲ್ ಹಿಡಿದು ಬಹುಮಾನ ತಂದವನು. ಈ ಹಳ್ಳಿಯ ಶೂಟಿಂಗ್ ಕ್ಲಬ್ಬಿಗೆ ಸೇರಿದ್ದ. ಕ್ಲಬ್ಬಿನ ಅಧ್ಯಕ್ಷ ಇದೇ ಬ್ರಾಂಡೆಸ್. ವಾರಕ್ಕೊಮ್ಮೆ ಹೋಗಿ ಕಾಗದದ ಗುರಿಗೆ ಗುಂಡು ಹೊಡೆದು, ಅವರೊಡನೆ ಸೇಬಿನ ರಸ ಕುಡಿದು, ಹೆಗಲ ಮೇಲೆ ಕೈ ಹಾಕಿಸಿಕೊಂಡು ಬರುತ್ತಿದ್ದ. ಆಫೀಸಿನಲ್ಲಿ ಎಷ್ಟು ವರ್ಷ ದುಡಿದರೂ ಒಬ್ಬನೂ ಅವನನ್ನು ಮನೆಗೆ ಕರೆದಿರಲಿಲ್ಲ; ಇಲ್ಲಿ ಎಲ್ಲರೂ ‘ಚನ್ನಾ’ ಅನ್ನುತ್ತಿದ್ದರು. ಸೌಭಾಗ್ಯ ಅದನ್ನು ತಡೆದಿರಲಿಲ್ಲ. ಕಾಗದ ತಾನೇ, ಹೊಡೆದುಕೊಳ್ಳಲಿ ಎಂದು ಸುಮ್ಮನಿದ್ದಳು.

ಅಕ್ಟೋಬರಿನ ಒಂದು ಮಧ್ಯಾಹ್ನ ಬ್ರಾಂಡೆಸ್ ಬಾಗಿಲಿಗೆ ಬಂದ. ಕೈಯಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಗಂಟು. ಮುಖದ ತುಂಬ ನಗು.

“ಶ್ರೀಮತಿಯವರೇ, ನಿಮಗೆ ಥ್ಯಾಂಕ್ಸ್ ಹೇಳಲೇಬೇಕು. ನನ್ನ ಅಪ್ಪನ ಕಾಲದಿಂದ ಇಲ್ಲಿ ಬೇಟೆಯಾಡುತ್ತಿದ್ದೇವೆ. ನಿಮ್ಮ ದಂಡೆಯಲ್ಲಿ ಈ ವರ್ಷ ಬಿದ್ದಷ್ಟು ಬಾತು ಯಾವತ್ತೂ ಬಿದ್ದಿಲ್ಲ. ಕಾಳು ಹಾಕಿ ಬಾತು ಕರೆಯುವುದಕ್ಕೆ ನಮ್ಮ ಗುತ್ತಿಗೆಯಲ್ಲಿ ಅನುಮತಿಯಿಲ್ಲ ನೋಡಿ. ಆದರೆ ಮನೆಯೊಡತಿ ತನ್ನ ಸಂತೋಷಕ್ಕೆ ಹಾಕಿದರೆ ಯಾರೂ ಬೇಡ ಅನ್ನುವಂತಿಲ್ಲ. ಎಷ್ಟು ಚೆನ್ನಾಗಿ ಕೊಬ್ಬಿವೆ, ನೋಡಿ” ಎಂದು ಗಂಟನ್ನು ಅವಳ ಕೈಗಿಟ್ಟ.

ಗಂಟು ಮೆತ್ತಗಿತ್ತು, ಭಾರವಾಗಿತ್ತು. ಒಳಗೆ ಪುಕ್ಕ ಕಿತ್ತ ಬಾತು. ಸೌಭಾಗ್ಯ ಗಂಟನ್ನು ಮೆಟ್ಟಿಲ ಮೇಲಿಟ್ಟು, ಬಾಗಿಲು ಹಾಕಿ, ಬಚ್ಚಲಿಗೆ ಹೋಗಿ ಕೈ ತೊಳೆದಳು. ತೊಳೆದಳು, ಮತ್ತೆ ತೊಳೆದಳು. ಬರ್ರೆವ್ವಾ ಬರ್ರಿ ಎಂದು ದಿನಾ ತಾನೇ ಕರೆದಿದ್ದಳಲ್ಲ. ತನ್ನ ಕಾಳಿಗೆ ಬಂದವೇ ಸತ್ತಿದ್ದವು.

ಸಂಜೆ ಗಂಡ ಬಂದ. ವಿಷಯ ಕೇಳಿ ಅವನು ಅಚ್ಚರಿಪಡಲಿಲ್ಲ. ಅವಳಿಗೆ ಅಲ್ಲೇ ಅನುಮಾನ ಬಂತು.

“ನಿಮಗ ಗೊತ್ತಿತ್ತು?”

ಚನ್ನಮಲ್ಲಪ್ಪ ಶೂ ಬಿಚ್ಚುತ್ತ ಕೂತ.

“ನಿಮ್ಮನ್ನs ಕೇಳಾಕತ್ತೀನ್ರೀ. ಗೊತ್ತಿತ್ತೋ ಇಲ್ಲೋ?”

“ಕ್ಲಬ್ಬಿನ್ಯಾಗ ಮಾತಾಡ್ತಿದ್ರು. ‘ಚನ್ನಾನ ಹೆಂಡ್ತಿ ನಮಗ ಬಾತು ಸಾಕಿ ಕೊಡ್ತಾಳ’ ಅಂತ ನಗ್ತಿದ್ರು.”

“ಮತ್ತ ನನಗ್ಯಾಕ ಹೇಳಲಿಲ್ಲ?”

“ಹ್ಯಾಂಗ ಹೇಳ್ಲಿ? ನೀ ಪೂಜಾ ಮಾಡಿ ಹಾಕ್ತಿ. ಅದೊಂದs ನಿನಗ ಇಲ್ಲಿ ಸಮಾಧಾನ. ಅವ್ರಿಗಿ ಏನರ ಅಂದ್ರ ನಾಳೆ ಕ್ಲಬ್ಬಿನ್ಯಾಗ ನನ್ನ ಯಾರ್ ಮಾತಾಡಸ್ತಾರ?”

“ಅವ್ರು ಮಾತಾಡಸ್ಬೇಕಂತ ನನ್ ಕೈಲೆ ಕೊಲ್ಲಿಸಿದ್ರಲ್ರೀ!” ಎಂದಳು ಸೌಭಾಗ್ಯ. “ನೀವೂ ನಕ್ಕಿರೇನು ಅವ್ರ ಸಂಗಾಟ?”

ಅವನು ಬಿಚ್ಚಿದ ಶೂಗಳನ್ನು ಎತ್ತಿ ಗೋಡೆಗೆ ಜೋಡಿಸಿಡತೊಡಗಿದ. ನಕ್ಕಿದ್ದಾನೆ ಎಂದು ಅವಳಿಗೆ ತಿಳಿಯಿತು. ಅವತ್ತು ಆ ಮನೆಯಲ್ಲಿ ಒಲೆ ಹತ್ತಲಿಲ್ಲ.

ಮರುದಿನದಿಂದ ಅವಳು ಕಾಳು ಹಾಕುವುದನ್ನು ನಿಲ್ಲಿಸಿದಳು. ಬಾತುಗಳು ಬಿಡಬೇಕಲ್ಲ! ಹೊತ್ತಿಗೆ ಸರಿಯಾಗಿ ದಂಡೆಗೆ ಬಂದು ಸಾಲುಗಟ್ಟಿ ಕಾಯುತ್ತಿದ್ದವು. ಅಡುಗೆಮನೆಯ ಕಿಟಕಿಯಲ್ಲಿ ಇವಳ ನೆರಳು ಕಂಡರೆ ಸಾಕು, ಕೂಗು ಶುರು. ಹುಲ್ಲುಗಾವಲಿನುದ್ದಕ್ಕೂ ನಡೆದು ಬಂದು ಹಿತ್ತಲ ಬಾಗಿಲಲ್ಲೇ ನಿಲ್ಲುವ ಧೈರ್ಯವೂ ಕೆಲವಕ್ಕೆ ಬಂತು. ಅವು ಉಣ್ಣದೆ ಇವಳು ಉಣ್ಣುವುದು ಹೇಗೆ? ಮಧ್ಯಾಹ್ನದವರೆಗೆ ಬರಿಹೊಟ್ಟೆಯಲ್ಲಿರುತ್ತಿದ್ದಳು. ತಲೆ ಸುತ್ತಿ ಬಂದರೂ ಹಟ ಬಿಡಲಿಲ್ಲ.

ಹೈಡೆಲ್‌ಬರ್ಗ್‌ನಲ್ಲಿ ಓದುವ ಮಗಳು ಲಾವಣ್ಯಾ ಫೋನಿನಲ್ಲಿ, “ಮಮ್ಮಿ, ಕೆರೆ ಆ ಕಡೆ ನಾತೂರ್‌ಶುಟ್ಸ್‌ಗೆಬೀಟ್, ಅದೇ ಪ್ರೊಟೆಕ್ಟೆಡ್ ಏರಿಯಾ, ಇದೆ ಅಲ್ವಾ? ಅಲ್ಲಿ ಹಂಟಿಂಗ್ ಟೋಟಲಿ ಬ್ಯಾನ್. ಅಲ್ಲೇ ಫೀಡ್ ಮಾಡು, ಸಿಂಪಲ್” ಅಂದಳು. ಆಹಾ, ಇದು ಮಾತು! ಸೌಭಾಗ್ಯ ಜೋಳದ ಡಬ್ಬಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು, ಕೆರೆ ಸುತ್ತಿ, ಆ ಸಂರಕ್ಷಿತ ದಂಡೆಗೆ ಹೋದಳು. ಡಬ್ಬಿಯ ಮುಚ್ಚಳ ತೆಗೆದಳೋ ಇಲ್ಲವೋ, ಹಸಿರು ಜಾಕೆಟ್ಟಿನ ಕಾವಲುಗಾರ ಬಂದೇಬಿಟ್ಟ. ಇಲ್ಲಿ ಕಾಳು ಹಾಕುವಂತಿಲ್ಲ, ನೀರು ಕೆಡುತ್ತದೆ, ದಂಡ ಬೀಳುತ್ತದೆ.

“ಹಂಗಾರ ಕೇಳಪ್ಪ” ಎಂದಳು ಅವಳು, ತನಗೆ ಬಂದಷ್ಟು ಜರ್ಮನ್ ಕೂಡಿಸಿಕೊಂಡು. “ನನ್ನ ದಂಡೆಯಲ್ಲಿ ಕಾಳು ಹಾಕಬಹುದು, ಅಲ್ಲಿ ಕೊಲ್ಲಬಹುದು. ಇಲ್ಲಿ ಕೊಲ್ಲುವಂತಿಲ್ಲ, ಇಲ್ಲಿ ಕಾಳು ಹಾಕುವಂತಿಲ್ಲ. ಸರಿಯಾ?”

“ಹೌದು, ಸರಿ” ಎಂದ ಕಾವಲುಗಾರ. ತನ್ನ ಮಾತನ್ನು ಅವಳು ಅಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡದ್ದು ಅವನಿಗೆ ಸಂತೋಷವಾಗಿತ್ತು. ಸೌಭಾಗ್ಯ ದಾರಿಯುದ್ದಕ್ಕೂ ಒಬ್ಬಳೇ ಬೈಯುತ್ತ ಸೈಕಲ್ ತುಳಿದಳು.

ನವೆಂಬರಿನ ಒಂದು ಶುಕ್ರವಾರ ಬ್ರಾಂಡೆಸ್ ಗೇಟಿನ ಬಳಿ ಟೋಪಿ ತೆಗೆದ. ನಾಳೆ ನಸುಕಿಗೆ ದೊಡ್ಡ ಬೇಟೆ, ಊರ ಹೊರಗಿನಿಂದಲೂ ಅತಿಥಿಗಳು ಬರುತ್ತಾರೆ, ಬೆಳಕು ಹರಿದ ಮೇಲೆ ಸುರಕ್ಷತೆಯ ದೃಷ್ಟಿಯಿಂದ ತಾವು ದಂಡೆಯ ಕಡೆ ಬರಬಾರದು ಎಂದ. ಅವಳು ತಲೆಯಾಡಿಸಿದಳು. ಒಳಗೆ ಬಂದು ಗಂಡನ ಎದುರು ನಿಂತಳು.

“ಕಪಾಟಿನ್ಯಾಗ ನಿಮ್ಮ ರೈಫಲ್ ಐತೆಲ್ಲ. ಅವ್ರು ಬರೂಕಿಂತ ಮೊದ್ಲ ಮ್ಯಾಲೆ ಆಕಾಶಕ್ಕ ಒಂದ್ ಗುಂಡು ಹಾರಸ್ರಿ. ಬಾತೆಲ್ಲಾ ಎದ್ದು ಹೋಗ್ತಾವ.”

ಚನ್ನಮಲ್ಲಪ್ಪ ಬೆಚ್ಚಿಬಿದ್ದ. “ಏ, ಹುಚ್ಚಿ ಆಗೀಯೇನು? ಕ್ಲಬ್ಬಿನ ಹೊರಗ ಗುಂಡು ಹಾರಿಸಿದ್ರ ಲೈಸನ್ಸ್ ಹೋಕ್ಕೈತಿ, ಪೊಲೀಸ್ ಕೇಸ್ ಆಕ್ಕೈತಿ. ನೌಕರಿಗೂ ಕುತ್ತು.”

“ಅವ್ರು ಕೊಲ್ಲಾಕ ಹಾರಿಸಬಹುದು, ನೀವು ಉಳಿಸಾಕ ಹಾರಸೂಹಂಗಿಲ್ಲ. ಭಾಳ ಛಲೋ ಆತು. ಆ ಬಂದೂಕಿಗೆ ದಿನಾ ಎಣ್ಣಿ ಹಚ್ಚಿ ಒರಸ್ಕೋತ ಕುಂದರ್ರಿ!”

ಅವಳು ಅಟ್ಟದ ಟ್ರಂಕಿನಿಂದ ಹಳೆಯ ಇಳಕಲ್ ಸೀರೆ ತೆಗೆದಳು. ಸೆರಗನ್ನು ಉದ್ದಕ್ಕೆ ಹರಿದು, ಹೊಸೆದು, ನಡುವೆ ಕಲ್ಲು ಕೂರುವಷ್ಟು ಅಗಲ ಬಿಟ್ಟು, ಕವಣೆ ಮಾಡಿದಳು. ಹುಡುಗಿಯಾಗಿದ್ದಾಗ ಜೋಳ ತೆನೆಗಟ್ಟುವ ಕಾಲಕ್ಕೆ ಹೊಲದ ಅಟ್ಟಣಿಗೆ ಹತ್ತಿ ಹಕ್ಕಿ ಕಾದವಳು ಅವಳು. ಎಷ್ಟೋ ವರ್ಷ ಆಯಿತು, ಕೈ ಮರೆತಿರಬಹುದು ಅಂದುಕೊಂಡಳು. ಗಂಡ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

ಶನಿವಾರ ಮೂಡಲು ಬೆಳ್ಳಗಾಗುವ ಮೊದಲೇ ಅವಳು ದಂಡೆಗೆ ಹೋದಳು. ಹಾಲು ಚೆಲ್ಲಿದಂತೆ ಮಂಜು. ಬಾತುಗಳು ಆಗಲೇ ಅಲ್ಲಿದ್ದವು. ಅವಳನ್ನು ಕಂಡ ಕೂಡಲೇ ಸಂಭ್ರಮದಿಂದ ಕೂಗುತ್ತ ಹತ್ತಿರ ಬಂದವು. ಇಷ್ಟು ದಿನ ಎಲ್ಲಿ ಹೋಗಿದ್ದೆ ಎಂಬಂತೆ ಅವಳ ಬೂಟಿನ ಸುತ್ತ ನೀರು ಕಲಕಿದವು.

“ಹೋಗ್ರಿ! ಹೋಗ್ರೆವ್ವಾ, ಇವತ್ತು ಇಲ್ಲಿರಬ್ಯಾಡ್ರಿ!” ಎಂದು ಕೈ ಬೀಸಿದಳು. ಕೈ ಬೀಸಿದರೆ ಕಾಳು ಬರುತ್ತದೆ ಎಂದು ಅವು ಇನ್ನಷ್ಟು ಹತ್ತಿರ ಬಂದವು.

ಕವಣೆಗೆ ಕಲ್ಲಿಟ್ಟು ಬೀಸಿದಳು. ಯಾವುದಕ್ಕೂ ತಾಗದಿರಲೆಂದು ಬೇಕಂತಲೇ ದೂರಕ್ಕೆ ಒಗೆದಳು. ಕಲ್ಲು ಬುಳುಕ್ಕೆಂದು ನೀರಿಗೆ ಬಿತ್ತು. ಅಯ್ಯೋ ಪೆದ್ದಮುಂಡೇವೇ, ಅವು ಹೆದರುವ ಬದಲು ಕಲ್ಲು ಬಿದ್ದ ಕಡೆಗೇ ಗುಂಪುಗಟ್ಟಿ ಧಾವಿಸಿ ನೀರಿನಲ್ಲಿ ಕೊಕ್ಕಿಟ್ಟು ಹುಡುಕಿದವು. ಇನ್ನೊಂದು ಒಗೆದಳು. ಅದರ ಹಿಂದೆಯೂ ಹೋದವು. ತಾನೇ ಕಲಿಸಿದ ಪಾಠ. ಹುಲ್ಲುಗಾವಲಿನಾಚೆ ರಸ್ತೆಯಲ್ಲಿ ಕಾರುಗಳ ಬಾಗಿಲು ಹಾಕಿದ ಸದ್ದು ಕೇಳಿಸಿತು. ನಾಯಿಗಳು ಬೊಗಳಿದವು. ಬೇಟೆಯವರು ಬಂದಾಯಿತು.

ಸೌಭಾಗ್ಯಳಿಗೆ ಈಗ ದಾರಿ ಒಂದೇ ಉಳಿದಿತ್ತು. ಬೊಗಸೆಯಿಂದಲೇ ಕಾಳು ತಿನ್ನುವಷ್ಟು ಸಲಿಗೆಯ ಹೆಣ್ಣು ಬಾತೊಂದು ಎಲ್ಲಕ್ಕಿಂತ ಮುಂದೆ ಇತ್ತು. ದೂರದವನ್ನು ಹೊಡೆದರೆ ಹತ್ತಿರದವು ಹೆದರುವುದಿಲ್ಲ. “ಶಿವನs, ಕ್ಷಮಿಸಪ್ಪಾ” ಎಂದು ಕವಣೆ ತಿರುಗಿಸಿದಳು. ಕೈ ಮರೆತಿರಲಿಲ್ಲ. ಕಲ್ಲು ರೆಕ್ಕೆಯ ಬುಡಕ್ಕೆ ಬಡಿಯಿತು. ಬಾತು ಎಂಥದೋ ದನಿಯಲ್ಲಿ ಕಿರುಚಿ, ಮಗುಚಿ, ಎದ್ದು, ನೀರನ್ನು ಬಡಿಯುತ್ತ ಒದ್ದಾಡಿತು. ಉಳಿದವು ಕತ್ತೆತ್ತಿ ನಿಂತವು. ಅವಳು ನಿಲ್ಲಲಿಲ್ಲ. ಒಂದರ ಹಿಂದೆ ಒಂದು ಕಲ್ಲು, ಗುರಿಯಿಟ್ಟು, ಅಳುತ್ತ, ಬಾಯಿಗೆ ಬಂದಂತೆ ಬೈಯುತ್ತ ಬೀಸಿದಳು. ಕೆರೆಗೆ ಕೆರೆಯೇ ಎದ್ದ ಹಾಗೆ ಬಾತುಗಳು ಮೇಲೆದ್ದು, ಜೊಂಡು ದಾಟಿ, ಆಚೆಯ ಸಂರಕ್ಷಿತ ದಂಡೆಯ ಕಡೆ ಹಾರಿದವು. ಪೆಟ್ಟು ತಿಂದದ್ದು ಹಾರಲಾರದೆ, ರೆಕ್ಕೆ ಎಳೆಯುತ್ತ, ಅವುಗಳ ಹಿಂದೆ ಈಜಿಕೊಂಡು ಮಂಜಿನೊಳಗೆ ಹೋಯಿತು.

ಬ್ರಾಂಡೆಸ್ ಮತ್ತು ಅತಿಥಿಗಳು ಬಂದಾಗ ನೀರು ಖಾಲಿ. ಅವನು ಅವಳ ಕೈಯಲ್ಲಿದ್ದ ಕವಣೆಯನ್ನು ನೋಡಿದ, ಅವಳ ಮುಖವನ್ನು ನೋಡಿದ. ಬೆಳಕು ಹರಿಯುವ ಮೊದಲು ಅವಳು ತನ್ನದೇ ಜಾಗದಲ್ಲಿ ಕಲ್ಲು ಒಗೆಯುವುದು ಯಾವ ಕಾನೂನಿಗೆ ವಿರುದ್ಧ ಎಂದು ಅವನಿಗೂ ಆ ಕ್ಷಣಕ್ಕೆ ಹೊಳೆಯಲಿಲ್ಲ ಅಂತ ಕಾಣುತ್ತದೆ. ಟೋಪಿ ತೆಗೆಯುವುದನ್ನು ಅಂದು ಮರೆತ. ಮಧ್ಯಾಹ್ನದವರೆಗೆ ಕಾದು, ಒಂದು ಗುಂಡೂ ಹಾರಿಸದೆ ಎಲ್ಲರೂ ಹೊರಟುಹೋದರು. ಆ ಸಂಜೆ ಚನ್ನಮಲ್ಲಪ್ಪ ಕ್ಲಬ್ಬಿಗೆ ಹೋಗಲಿಲ್ಲ. ಯಾರೂ ಫೋನು ಮಾಡಿ ಯಾಕೆ ಬರಲಿಲ್ಲ ಎಂದು ಕೇಳಲೂ ಇಲ್ಲ.

ಮರುದಿನ ಭಾನುವಾರ. ಬಂದೂಕಿಲ್ಲ, ನಾಯಿಯಿಲ್ಲ, ಊರೆಲ್ಲ ಮಲಗಿತ್ತು. ಪೂಜೆ ಮುಗಿಸಿ ಸೌಭಾಗ್ಯ ಕಿಟಕಿಯಿಂದ ನೋಡಿದಳು. ಎಲ್ಲಿಂದಲೋ ಐದಾರು ಬಾತುಗಳು ಬಂದು ದಂಡೆಯ ಹತ್ತಿರ ತಮ್ಮ ಪಾಡಿಗೆ ತಾವು ಈಜುತ್ತಿದ್ದವು. ಅವಳಿಗೆ ತಡೆಯಲಾಗಲಿಲ್ಲ. ಆ ಪೆಟ್ಟು ತಿಂದದ್ದು ಇದೆಯೇನೋ ನೋಡೋಣ ಎಂದು ಬರಿಗೈಯಲ್ಲಿ ಹಿತ್ತಲ ಬಾಗಿಲು ತೆರೆದು ಹುಲ್ಲಿನ ಮೇಲೆ ಕಾಲಿಟ್ಟಳು.

ಬಾತುಗಳು ತಲೆಯೆತ್ತಿ ಅವಳನ್ನು ಕಂಡವು. ಮರುಕ್ಷಣ ಒಂದೂ ಉಳಿಯದಂತೆ ಎದ್ದು, ಕೆರೆಯಾಚೆ ಹಾರಿಹೋದವು.

“ಹೂಂ, ಹಿಂಗs ಇರ್ರಿ” ಎಂದಳು ಸೌಭಾಗ್ಯ. “ಈಗ ಶಾಣ್ಯಾ ಆದ್ರಿ ನೋಡ್ರಿ.” ಅವು ಕಣ್ಣಿಗೆ ಕಾಣದಾದ ಮೇಲೂ ಅವಳು ಅಲ್ಲೇ ನಿಂತಿದ್ದಳು. ಒಳಗಿನಿಂದ ಚನ್ನಮಲ್ಲಪ್ಪ ಚಹಾ ಆಗಿದೆ, ಬಾ ಎಂದು ಕರೆದ. ಅವಳು ಹೋಗಲಿಲ್ಲ.